ಕಿವಿಯ ಗಂಟನ್ನು ಮತ್ತೆ ಕುಯ್ಯಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ಬೇಲೂರು ಹತ್ತಿರ. ಮಗಳಿಗೆ 20 ವರ್ಷ, ಹಾಸನದಲ್ಲಿ ಓದುತ್ತಿದ್ದಾಳೆ. ಚಿಕ್ಕ ಮಗುವಾಗಿದ್ದಾಗಲೇ ಅಕ್ಕಸಾಲಿಗರ ಹತ್ತಿರ ಕಿವಿ ಚುಚ್ಚಿಸಿದ್ದೆವು, ಏನೂ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಗೆಳತಿಯರ ಜೊತೆ ಹೋಗಿ ಅದರ ಪಕ್ಕದಲ್ಲೇ ಇನ್ನೊಂದು ತೂತು ಹಾಕಿಸಿಕೊಂಡು ಬಂದಳು. ಐದಾರು ತಿಂಗಳಿಗೆ ಕಿವಿಯ ಹಿಂದೆ ಕಡಲೆಕಾಳಿನಷ್ಟು ಗಂಟು ಬಂತು. ಒಂದು ಕಡೆ ತೋರಿಸಿ ಕುಯ್ಯಿಸಿದೆವು. ನಾಲ್ಕು ತಿಂಗಳು ಚೆನ್ನಾಗಿತ್ತು. ಈಗ ಹಲಸಿನ ಬೀಜದಷ್ಟಾಗಿದೆ, ಜೊತೆಗೆ ನವೆ. ಎದೆ ಮೇಲೆ ಮೊಡವೆ ಆದ ಜಾಗದಲ್ಲೂ ಒಂದು ಶುರುವಾಗಿದೆ. ನನ್ನ ತಂಗಿಗೂ ಸಿಸೇರಿಯನ್ ಹೊಲಿಗೆ ಮೇಲೆ ಹೀಗೇ ದಪ್ಪ ಆಗಿದೆ. ಇದು ಕ್ಯಾನ್ಸರ್ ಅಲ್ಲ ತಾನೆ? ಮತ್ತೆ ಕುಯ್ಯಿಸಿದರೆ ಹೋಗುತ್ತಾ? ನಮ್ಮತ್ತೆ ಸುಣ್ಣ ಹಚ್ಚು ಅಂತಾರೆ. ಮುಂದಿನ ವರ್ಷ ಮದುವೆ ಮಾಡುವ ಯೋಚನೆ ಇದೆ. ದಾರಿ ತೋರಿಸಿ.

ಉತ್ತರ: ನಮಸ್ಕಾರ ಅಮ್ಮ. ಮೊದಲು ನಿಮ್ಮ ಭಯಕ್ಕೆ ಉತ್ತರ. ನೀವು ಬರೆದಿರುವ ರೀತಿ ನೋಡಿದರೆ ಇದು ಕೀಲಾಯ್ಡ್, ಅಂದರೆ ಗಾಯ ಮಾಗಿದ ಮೇಲೂ ಬೆಳೆಯುತ್ತಲೇ ಹೋಗುವ ದಪ್ಪ ಕಲೆ. ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಎದೆಯ ಮೇಲೆ ಬಂದಿರುವುದು ಕಿವಿಯಿಂದ ಹರಡಿದ್ದಲ್ಲ, ಅದು ಮೊಡವೆಯ ಗಾಯದಲ್ಲಿ ತಾನಾಗಿಯೇ ಹುಟ್ಟಿದ್ದು.

ಈ ಭಯ ನಿಮ್ಮೊಬ್ಬರದೇ ಅಲ್ಲ. ಈ ಕಾಯಿಲೆಗೆ ಹೆಸರು ಕೊಟ್ಟವರಿಗೇ ಈ ಗೊಂದಲ ಇತ್ತು. ಫ್ರಾನ್ಸಿನ ಚರ್ಮವೈದ್ಯ ಅಲಿಬೆರ್ 1806ರಲ್ಲಿ ಇದನ್ನು ವಿವರಿಸಿದಾಗ ಕ್ಯಾನ್ಸರನ್ನು ಹೋಲುವಂಥದ್ದು ಅನ್ನುವ ಅರ್ಥದ ಹೆಸರಿಟ್ಟಿದ್ದರು. ಜನ ತಪ್ಪು ತಿಳಿಯಬಾರದು ಅಂತ ಆಮೇಲೆ ಅದನ್ನು ಬಿಟ್ಟು ಕೀಲಾಯ್ಡ್ ಅಂದರು. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಪದದಿಂದ ಬಂದ ಹೆಸರು ಅದು. ಗದ್ದೆ ಬದುವಿನಲ್ಲಿ ಏಡಿ ಹಿಡಿದವರಿಗೆ ಈ ಹೋಲಿಕೆ ಥಟ್ಟನೆ ಗೊತ್ತಾಗುತ್ತದೆ. ಎದೆಯ ಮೇಲಿನ ಕೀಲಾಯ್ಡ್ ನೋಡಿ: ನಡುವೆ ಒಂದು ದಪ್ಪ ಮೈ, ಎಡಕ್ಕೂ ಬಲಕ್ಕೂ ಒಳ್ಳೆ ಚರ್ಮದೊಳಗೆ ಚಾಚಿದ ಕೊಂಡಿಗಳು.

ಆ ಚಾಚುವ ಗುಣವೇ ಇದರ ಗುರುತು. ಗಾಯ ಆದರೆ ಮೈ ಅದನ್ನು ಕೊಲಾಜೆನ್ ಅನ್ನುವ ನಾರಿನಿಂದ ತೇಪೆ ಹಾಕಿ ಮುಚ್ಚುತ್ತದೆ. ನಾರು ನೇಯುವ ಜೀವಕೋಶಗಳು ಗಾಯ ಮುಚ್ಚಿದ ಮೇಲೆ ನಿಲ್ಲಿಸು ಅನ್ನುವ ಸೂಚನೆ ಸಿಕ್ಕಿ ಸುಮ್ಮನಾಗಬೇಕು. ಕೆಲವರ ಚರ್ಮದಲ್ಲಿ ಆ ಸೂಚನೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಯ ಮಾಗಿದೆ, ನೇಯ್ಗೆ ಮಾತ್ರ ನಿಂತಿಲ್ಲ. ಸಣ್ಣ ತೂತಿಗೆ ಹಾಕಿದ ತೇಪೆ ಹಲಸಿನ ಬೀಜದಷ್ಟಾಗುವುದು ಹೀಗೆ.

ಎಲ್ಲ ದಪ್ಪ ಕಲೆಯೂ ಕೀಲಾಯ್ಡ್ ಅಲ್ಲ. ನಿಮ್ಮ ತಂಗಿಯ ಹೊಲಿಗೆ ಗುರುತು ಹೊಲಿಗೆಯ ಗೆರೆ ಮೇಲಷ್ಟೇ ಉಬ್ಬಿದ್ದರೆ ಅದು ಬೇರೆ ಥರದ ದಪ್ಪ ಕಲೆ. ಗಾಯ ಆದ ಒಂದೆರಡು ತಿಂಗಳಲ್ಲೇ ಶುರುವಾಗುತ್ತದೆ, ಗೆರೆ ದಾಟುವುದಿಲ್ಲ, ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತಾ ಬರುತ್ತದೆ. ಗೆರೆ ದಾಟಿ ಅಕ್ಕಪಕ್ಕ ಹಬ್ಬಿದ್ದರೆ, ವರ್ಷಗಳಾದರೂ ಇಳಿಯದೆ ಬೆಳೆಯುತ್ತಲೇ ಇದ್ದರೆ ಅದು ಕೀಲಾಯ್ಡ್. ಇದು ತಡವಾಗಿಯೂ ಬರುತ್ತದೆ. ಗಾಯ ಮಾಗಿ ಮೂರು ತಿಂಗಳೋ ಆರು ತಿಂಗಳೋ, ಕೆಲವೊಮ್ಮೆ ವರ್ಷವೋ ಕಳೆದ ಮೇಲೆ. ಅದಕ್ಕೇ ಎಷ್ಟೋ ಜನಕ್ಕೆ ಇದು ಯಾವ ಗಾಯದಿಂದ ಬಂತು ಅನ್ನುವುದೇ ಮರೆತಿರುತ್ತದೆ.

ಈಗ ನೀವು ಕೇಳಿಲ್ಲದಿದ್ದರೂ ನಿಮ್ಮ ಪತ್ರದ ಒಳಗೇ ಇರುವ ಪ್ರಶ್ನೆಗೆ ಬರುತ್ತೇನೆ. ಅದೇ ಹುಡುಗಿ, ಅದೇ ಕಿವಿ. ಮಗುವಾಗಿದ್ದಾಗ ಚುಚ್ಚಿಸಿದ ತೂತಿಗೆ ಏನೂ ಆಗಲಿಲ್ಲ, ಕಾಲೇಜಿಗೆ ಹೋದ ಮೇಲೆ ಚುಚ್ಚಿಸಿದ್ದಕ್ಕೆ ಯಾಕೆ ಹೀಗಾಯ್ತು? ವಯಸ್ಸು ಒಂದು ದೊಡ್ಡ ಕಾರಣ. ಕೀಲಾಯ್ಡ್ ಜಾಸ್ತಿ ಕಾಣುವುದು 10ರಿಂದ 30 ವರ್ಷದ ನಡುವೆ. 11 ವರ್ಷಕ್ಕಿಂತ ಮೊದಲು ಕಿವಿ ಚುಚ್ಚಿಸಿದವರಿಗಿಂತ ಆಮೇಲೆ ಚುಚ್ಚಿಸಿದವರಲ್ಲೇ ಕೀಲಾಯ್ಡ್ ಜಾಸ್ತಿ ಅಂತ ಅಧ್ಯಯನದಲ್ಲಿ ಕಂಡಿದೆ. ವರ್ಷ ತುಂಬುವುದರೊಳಗೆ ಕಿವಿ ಚುಚ್ಚಿಸುವ ನಮ್ಮ ಹಿರಿಯರ ಪದ್ಧತಿ ಈ ಒಂದು ವಿಷಯದಲ್ಲಿ ಹುಡುಗಿಯರನ್ನು ಕಾಪಾಡಿದೆ ಅಂತಲೇ ನನಗೆ ಅನ್ನಿಸುತ್ತದೆ. ಹಾಗಂತ ಮಗಳನ್ನು ಬೈಯಬೇಡಿ. ಅವಳ ಗೆಳತಿಯರೂ ಅದೇ ದಿನ ಚುಚ್ಚಿಸಿಕೊಂಡಿರುತ್ತಾರೆ, ಅವರಿಗೆ ಏನೂ ಆಗಿರುವುದಿಲ್ಲ. ಇದು ಚರ್ಮದ ಗುಣ. ಮನೆತನದಲ್ಲಿ ಹರಿದು ಬರುತ್ತದೆ, ನಮ್ಮಂಥ ಕಂದು ಬಣ್ಣದ ಚರ್ಮದವರಲ್ಲಿ ಬಿಳಿ ಚರ್ಮದವರಿಗಿಂತ ಜಾಸ್ತಿ. ಚುಚ್ಚಿದ ಜಾಗ ಕೀವಾಗಿದ್ದರೆ, ಗಿಲೀಟಿನ ಓಲೆ ಅಲರ್ಜಿಯಾಗಿ ತಿಂಗಳುಗಟ್ಟಲೆ ಹಸಿಯಾಗೇ ಇದ್ದರೆ ಇನ್ನೂ ಸುಲಭವಾಗಿ ಬರುತ್ತದೆ.

ಜಾಗವೂ ಮುಖ್ಯ. ಕಿವಿ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ದವಡೆಯ ಅಂಚು, ತೋಳಿನಲ್ಲಿ ಲಸಿಕೆ ಚುಚ್ಚಿದ ಜಾಗ. ಇವು ಕೀಲಾಯ್ಡ್‌ಗೆ ಇಷ್ಟದ ಜಾಗಗಳು. ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಕೆಲಸ ಮಾಡುವವರ ಅಂಗೈ ನೋಡಿದ್ದೀರಾ? ಕಸಿ ಕತ್ತರಿ, ಕತ್ತಿ ತಾಗಿ ಹತ್ತಾರು ಹಳೇ ಗಾಯದ ಗುರುತುಗಳು. ಒಂದೂ ಉಬ್ಬಿರುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯಲ್ಲಿ ಇದು ಬರುವುದೇ ಬಹಳ ಅಪರೂಪ. ಅದೇ ಮನುಷ್ಯನ ಎದೆಯ ಮೇಲೆ ಒಂದು ಮೊಡವೆ ಒಡೆದು ಮಾಗಿದರೆ ಅಲ್ಲಿ ಕೀಲಾಯ್ಡ್ ಏಳಬಹುದು. ಎದೆಯ ಚರ್ಮ ಉಸಿರಾಡಿದಾಗಲೂ ಕೈ ಎತ್ತಿದಾಗಲೂ ಎರಡು ಕಡೆಯಿಂದ ಜಗ್ಗುತ್ತಿರುತ್ತದೆ, ಆ ಜಗ್ಗಾಟ ಈ ಜೀವಕೋಶಗಳನ್ನು ಕೆರಳಿಸುತ್ತಲೇ ಇರುತ್ತದೆ.

ಇನ್ನು ಕುಯ್ಯಿಸುವ ಮಾತು. ಬರೀ ಕುಯ್ದು, ಹೊಲಿದು, ಮನೆಗೆ ಕಳಿಸಿದರೆ 100ರಲ್ಲಿ ಕಡಿಮೆ ಅಂದರೂ 45 ಜನಕ್ಕೆ ಮರಳಿ ಬರುತ್ತದೆ, ಕೆಲವು ವರದಿಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ಯಾಕೆ ಅಂದರೆ ಕುಯ್ಯುವುದೂ ಒಂದು ಗಾಯವೇ ಅಲ್ವಾ? ಕಡಲೆಕಾಳಿನಷ್ಟು ಗಂಟು ತೆಗೆಯಲು ಅದಕ್ಕಿಂತ ದೊಡ್ಡ ಗಾಯ ಮಾಡಬೇಕಾಗುತ್ತದೆ. ಚರ್ಮದ ಗುಣ ಬದಲಾಗಿಲ್ಲ, ಆದ್ದರಿಂದ ದೊಡ್ಡ ಗಾಯಕ್ಕೆ ದೊಡ್ಡ ಗಂಟು.

ನಾನು ಹೊಸದಾಗಿ ಕೆಲಸ ಶುರು ಮಾಡಿದ ದಿನಗಳಲ್ಲಿ ಈ ತಪ್ಪು ಮಾಡಿದ್ದೇನೆ. ಎದೆಯ ಮೇಲೆ ಎರಡು ಬೆರಳಗಲದ ಕೀಲಾಯ್ಡ್ ಇದ್ದ ಹುಡುಗನೊಬ್ಬ ಬಂದಿದ್ದ. ತೆಗೆದುಬಿಡಿ ಅಂತ ಅವನ ಹಟ, ನಾನೂ ಒಪ್ಪಿ ಸರ್ಜನ್ ಹತ್ತಿರ ಕಳಿಸಿದೆ. ಹೊಲಿಗೆ ಬಹಳ ಅಚ್ಚುಕಟ್ಟಾಗಿತ್ತು. ಅವನು ಮರಳಿ ಬಂದಾಗ ಅಂಗಿ ಬಿಚ್ಚಿದ್ದನ್ನು ಈಗಲೂ ಮರೆತಿಲ್ಲ. ಉದ್ದಕ್ಕೆ ಒಂದು ದಪ್ಪ ಏಣು ಎದ್ದಿತ್ತು. ಅದರ ಎರಡು ಬದಿಗೂ ಸೂಜಿ ಹೊಕ್ಕ ಒಂದೊಂದು ತೂತಿಗೂ ಒಂದೊಂದು ಸಣ್ಣ ಗಂಟು, ಕಂಬಳಿಹುಳದ ಕಾಲುಗಳ ಹಾಗೆ. ಆಮೇಲೆ ಎದೆಯ ಕೀಲಾಯ್ಡ್ ಕುಯ್ಯಿಸಿ ಅಂತ ನಾನು ಸುಲಭಕ್ಕೆ ಯಾರಿಗೂ ಹೇಳಿಲ್ಲ.

ಆದರೆ ಕಿವಿಯ ಹಾಲೆಯ ವಿಷಯ ಬೇರೆ. ಅಲ್ಲಿ ಜಗ್ಗಾಟ ಕಡಿಮೆ, ಮುಂದಿನಿಂದಲೂ ಹಿಂದಿನಿಂದಲೂ ಒತ್ತಡ ಕೊಡಲು ಆಗುತ್ತದೆ. ಹಾಗಾಗಿ ನಿಮ್ಮ ಮಗಳ ಕಿವಿಯ ಗಂಟನ್ನು ಮತ್ತೆ ಕುಯ್ಯಿಸಬಹುದು. ಒಂದೇ ಷರತ್ತು: ಕುಯ್ಯುವುದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ. ಹೊಲಿಗೆ ಬಿಚ್ಚಿದ ದಿನದಿಂದ ಒಂದು ವರ್ಷ ಮಾಡುವುದೇ ನಿಜವಾದ ಚಿಕಿತ್ಸೆ. ಹೋದ ಸಲ ನಿಮಗೆ ಇದನ್ನು ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ. ಅದು ನಿಮ್ಮ ತಪ್ಪಲ್ಲ.

ನಾನಾಗಿದ್ದರೆ ನೇರ ಕುಯ್ಯಲು ಹೋಗುವುದಿಲ್ಲ, ಮೊದಲು ಇಂಜೆಕ್ಷನ್. ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್, ನೋಡಲು ನೀರು ಬೆರೆಸಿದ ಹಾಲಿನ ಹಾಗಿರುತ್ತದೆ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ ತೆಗೆಯಬೇಕು. ಇದನ್ನು ಗಂಟಿನ ಒಳಗೇ, ಸಣ್ಣ ಸೂಜಿಯಲ್ಲಿ ಕೊಡುತ್ತೇವೆ. ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂ ಇರುವ ಔಷಧಿ, ಗಂಟಿನ ಗಟ್ಟಿತನ ನೋಡಿ ಆರಿಸುತ್ತೇವೆ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ. ಮುಚ್ಚಿಟ್ಟು ಹೇಳುವುದಿಲ್ಲ, ಮೊದಲ ಒಂದೆರಡು ಸಲ ನೋಯುತ್ತದೆ. ಗಂಟು ಅಷ್ಟು ಗಟ್ಟಿ ಇರುತ್ತದೆ, ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಔಷಧಿ ಒಳಗೆ ಇಳಿಯುವುದಿಲ್ಲ. ಇಳಿದಾಗ ಕೆಂಪು ಗಂಟು ನಮ್ಮ ಕಣ್ಣೆದುರೇ ಬೆಳ್ಳಗಾಗುತ್ತದೆ. ಅಲ್ಲಿಗೆ ಔಷಧಿ ಸರಿಯಾದ ಜಾಗಕ್ಕೆ ಹೋಯಿತು ಅಂತ ಲೆಕ್ಕ. ಮೊದಲೇ ಐಸ್ ಇಟ್ಟರೆ, ಮರಗಟ್ಟಿಸುವ ಔಷಧಿ ಸೇರಿಸಿಕೊಂಡರೆ ನೋವು ತಡೆಯುವಂತಾಗುತ್ತದೆ. ಮೂರನೇ ಸಲದ ಹೊತ್ತಿಗೆ ಗಂಟು ಮೆತ್ತಗಾಗಿ ಸೂಜಿ ಸಲೀಸಾಗಿ ಹೋಗುತ್ತದೆ.

ಗಾತ್ರ ಇಳಿಯುವುದಕ್ಕಿಂತ ಮೊದಲೇ ನವೆ ಇಳಿಯುತ್ತದೆ. ರಾತ್ರಿಯೆಲ್ಲ ಕೆರೆದುಕೊಂಡು ಕೂರುತ್ತಿದ್ದ ತೋಟದ ಹೆಂಗಸೊಬ್ಬರು ಎರಡನೇ ಇಂಜೆಕ್ಷನ್‌ಗೆ ಬಂದಾಗ, ಗಂಟು ಹಾಗೇ ಇದೆ ಡಾಕ್ಟ್ರೇ, ಆದರೆ ನಿದ್ದೆ ಬರ್ತಿದೆ ಅಂದರು. ಕೀಲಾಯ್ಡ್ ಅಂದರೆ ಬರೀ ಅಂದದ ಸಮಸ್ಯೆ ಅಂದುಕೊಂಡವರು ಈ ಮಾತು ಕೇಳಬೇಕು.

ಇಂಜೆಕ್ಷನ್‌ನ ತೊಂದರೆಗಳೂ ಗೊತ್ತಿರಲಿ. ಔಷಧಿ ಜಾಸ್ತಿಯಾದರೆ ಅಥವಾ ಗಂಟಿನ ಆಚೆ ಹರಡಿದರೆ ಚರ್ಮ ತೆಳುವಾಗಿ ಗುಳಿ ಬೀಳಬಹುದು, ಸುತ್ತ ಬಿಳಿ ಮಚ್ಚೆ ಕಾಣಬಹುದು. ಬಣ್ಣ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮರಳುತ್ತದೆ. ಕೆಲವು ಹೆಣ್ಣುಮಕ್ಕಳಿಗೆ ಒಂದೆರಡು ತಿಂಗಳು ಮುಟ್ಟು ಏರುಪೇರಾಗುತ್ತದೆ, ಗಾಬರಿ ಬೇಡ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಸಕ್ಕರೆ ಏರುತ್ತದೆ. ಬರೀ ಸ್ಟೀರಾಯ್ಡ್‌ಗೆ ಬಗ್ಗದ ಗಂಟಿಗೆ 5-ಫ್ಲೋರೋಯುರಾಸಿಲ್ ಅನ್ನುವ ಇನ್ನೊಂದು ಔಷಧಿ ಬೆರೆಸಿ ಕೊಡುತ್ತೇವೆ. ಹಾಗೆ ಬೆರೆಸಿದಾಗ ಗುಳಿ ಬೀಳುವುದೂ ಕಡಿಮೆ. ಅದು ಮೂಲದಲ್ಲಿ ಕ್ಯಾನ್ಸರ್ ಔಷಧಿ. ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಿ ಹೆದರಬೇಡಿ, ಇಲ್ಲಿ ಕೊಡುವುದು ಗಂಟಿನೊಳಗೆ ಸ್ವಲ್ಪವೇ ಸ್ವಲ್ಪ. ಆದರೆ ಬಸುರಿಯರಿಗೆ ಇದನ್ನು ಕೊಡುವ ಹಾಗೇ ಇಲ್ಲ. ಮಗಳ ಮದುವೆ ಯೋಚನೆ ಇದೆ ಅಂದಿರಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಎರಡು ಮೂರು ಇಂಜೆಕ್ಷನ್ ಆದ ಮೇಲೆ ಗಂಟು ಅರ್ಧಕ್ಕಿಳಿದರೆ ಕುಯ್ಯದೆ ಅದನ್ನೇ ಮುಂದುವರಿಸಬಹುದು. ಹಲಸಿನ ಬೀಜದಷ್ಟು ದಪ್ಪ ಇರುವುದು ಪೂರ್ತಿ ಕರಗುವುದು ಕಷ್ಟ, ಬಹುಶಃ ಕುಯ್ಯಬೇಕಾಗಬಹುದು. ಆಗ ಪ್ಲಾಸ್ಟಿಕ್ ಸರ್ಜನ್ ಮೇಲಿನ ಒಳ್ಳೆ ಚರ್ಮ ಉಳಿಸಿ ಒಳಗಿನ ಗಟ್ಟಿ ತಿರುಳನ್ನು ಮಾತ್ರ ಬಿಡಿಸಿ ತೆಗೆಯಬಹುದು. ಹಾಗಾದರೆ ಹೊಲಿಗೆ ಬಿಗಿಯಾಗಿ ಎಳೆಯುವುದಿಲ್ಲ, ಕಿವಿಯ ಆಕಾರವೂ ಕೆಡುವುದಿಲ್ಲ. ಗಾಯದ ಅಂಚಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಆಮೇಲೆ ತಿಂಗಳಿಗೊಮ್ಮೆ ಅದೇ ಜಾಗಕ್ಕೆ. ಗಂಟು ಇಲ್ಲವಲ್ಲ, ಇನ್ನು ಯಾಕೆ ಸೂಜಿ ಅಂತ ಎಲ್ಲರೂ ಬರುವುದು ನಿಲ್ಲಿಸುವುದು ಇಲ್ಲೇ. ಕೀಲಾಯ್ಡ್ ಗೆಲ್ಲುವುದೂ ಇಲ್ಲೇ.

ಗಾಯ ಪೂರ್ತಿ ಒಣಗಿದ ಮೇಲೆ ಒತ್ತುವ ಓಲೆ ಹಾಕಬೇಕು. ಸ್ಪ್ರಿಂಗ್ ಇರುವ ಕ್ಲಿಪ್ಪಿನ ಥರ ಇರುತ್ತದೆ, ತೂತು ಬೇಡ. ಎರಡು ಚಪ್ಪಟೆ ಬಿಲ್ಲೆ ಕಿವಿಯ ಹಾಲೆಯನ್ನು ಮುಂದೆ ಹಿಂದೆ ಒತ್ತಿ ಹಿಡಿಯುತ್ತವೆ. ಸಿದ್ಧವಾಗಿ ಸಿಗುವುದು ಕಿವಿಗೆ ಸರಿಹೊಂದದಿದ್ದರೆ ದಂತವೈದ್ಯರ ಹತ್ತಿರ ಕೇಳಿ. ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್‌ನಲ್ಲೇ ಕಿವಿಯ ಅಚ್ಚು ತೆಗೆದು ಬಿಲ್ಲೆ ಮಾಡಬಹುದು. ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಆರು ತಿಂಗಳಿಂದ ಒಂದು ವರ್ಷ. ಹಾಸ್ಟೆಲಿನಲ್ಲಿ ಸಂಜೆ ಹಾಕಿದರೆ ಬೆಳಿಗ್ಗೆವರೆಗೆ, ಸ್ನಾನಕ್ಕೆ ತೆಗೆದು ಮತ್ತೆ ಕ್ಲಾಸ್ ಇಲ್ಲದಾಗ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಬಿಗಿ ಎಷ್ಟಿರಬೇಕು ಅಂದರೆ, ಒತ್ತಿದ್ದು ಗೊತ್ತಾಗಬೇಕು, ನೋಯಬಾರದು. ಚರ್ಮ ನೀಲಿಯಾದರೆ, ಮರಗಟ್ಟಿದರೆ ತಕ್ಷಣ ಸಡಿಲ ಮಾಡಬೇಕು.

ಇಷ್ಟು ಮಾಡಿಯೂ ಮತ್ತೆ ಬಂದರೆ ಇನ್ನೊಂದು ದಾರಿ ಇದೆ. ಕುಯ್ದ ಒಂದೆರಡು ದಿನದೊಳಗೆ ಆ ಜಾಗಕ್ಕೆ ಕಡಿಮೆ ಪ್ರಮಾಣದ ರೇಡಿಯೇಷನ್ ಕೊಡುವುದು. ಮರಳಿ ಬರುವುದನ್ನು ತಡೆಯುವಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸರ್ಜನ್ನೂ ರೇಡಿಯೇಷನ್ ವಿಭಾಗವೂ ಮೊದಲೇ ದಿನ ಗೊತ್ತು ಮಾಡಿಕೊಂಡಿರಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಬಹುದು. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಬೇಡ. ನಿಮ್ಮ ಮಗಳಿಗೆ ಈಗಲೇ ಅದರ ಅಗತ್ಯ ಇಲ್ಲ.

ಎದೆಯ ಮೇಲಿನದು ಈಗಷ್ಟೇ ಶುರುವಾಗಿದೆ ಅಂದಿರಿ. ಅದನ್ನು ಮೊದಲು ಹಿಡಿಯಿರಿ, ಚಿಕ್ಕದಿದ್ದಾಗಲೇ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವುದು. ಜೊತೆಗೆ ಸಿಲಿಕೋನ್ ಶೀಟ್ ಹಾಕಿ. ಮೆತ್ತಗಿನ ಅಂಟು ಹಾಳೆ ಅದು, ತೊಳೆದು ಮತ್ತೆ ಬಳಸಬಹುದು. ದಿನಕ್ಕೆ 12 ಗಂಟೆಗಿಂತ ಜಾಸ್ತಿ, ಮೂರರಿಂದ ಆರು ತಿಂಗಳು. ಬೇಸಿಗೆಯಲ್ಲಿ ಬೆವರಿ ಗುಳ್ಳೆ ಎದ್ದರೆ ಒಂದೆರಡು ದಿನ ಬಿಟ್ಟು ಹಾಕಲಿ, ಅಥವಾ ಸಿಲಿಕೋನ್ ಜೆಲ್ ಹಚ್ಚಲಿ. ಎದೆ, ಬೆನ್ನಿನ ಮೊಡವೆಗೆ ಸರಿಯಾದ ಔಷಧಿ ಮಾಡಿಸಿ. ಮೊಡವೆ ಬರುತ್ತಲೇ ಇದ್ದರೆ ಒಂದೊಂದೂ ಹೊಸ ಕೀಲಾಯ್ಡ್‌ಗೆ ಬೀಜವಾಗಬಹುದು. ಹಿಸುಕಬಾರದು ಅಂತ ಅವಳಿಗೆ ಗಟ್ಟಿಯಾಗಿ ಹೇಳಿ. ಎದೆಯದು ಚಪ್ಪಟೆಯಾಗುತ್ತದೆ, ನವೆ ನಿಲ್ಲುತ್ತದೆ, ಬಣ್ಣದ ಗುರುತು ಮಾತ್ರ ಸ್ವಲ್ಪ ಉಳಿಯುತ್ತದೆ. ಅದು ಪೂರ್ತಿ ಮಾಯವಾಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯೂ ಇದೆ, ಸಣ್ಣ ಗಂಟುಗಳಿಗೆ ಒಳ್ಳೆಯದು. ನಮ್ಮ ಬಣ್ಣದ ಚರ್ಮದಲ್ಲಿ ಬಿಳಿ ಕಲೆ ಬಿಡುತ್ತದೆ, ಮುಖದ ಹತ್ತಿರ ನಾನು ಬಳಸುವುದು ಕಡಿಮೆ. ಲೇಸರ್ ಕೆಂಪನ್ನೂ ನವೆಯನ್ನೂ ತಗ್ಗಿಸಲು ಸಹಾಯ ಮಾಡುತ್ತದೆ, ಒಂದೇ ಸಾಕಾಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಕ್ರೀಮು ಇಷ್ಟು ದಪ್ಪದ ಗಂಟಿನೊಳಗೆ ಇಳಿಯುವುದಿಲ್ಲ, ಸುತ್ತಲಿನ ಒಳ್ಳೆ ಚರ್ಮವನ್ನು ಸುಮ್ನೆ ತೆಳು ಮಾಡುತ್ತದೆ.

ನಿಮ್ಮತ್ತೆ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಸುಣ್ಣ ಬೇಡ ಅಂತ ಅವರಿಗೆ ನಿಧಾನವಾಗಿ ತಿಳಿಸಿ ಹೇಳಿ. ಸುಣ್ಣ ಚರ್ಮ ಸುಡುತ್ತದೆ, ಸುಟ್ಟ ಗಾಯದಲ್ಲಿ ಕೀಲಾಯ್ಡ್ ಇನ್ನೂ ಅಗಲವಾಗಿ ಏಳುತ್ತದೆ. ಕೇರೆಣ್ಣೆ ಹಚ್ಚುವುದು, ದಾರ ಬಿಗಿದು ಉದುರಿಸುವುದು, ಬೆಳ್ಳುಳ್ಳಿ ಅರೆದು ಕಟ್ಟುವುದು ಕೂಡ ಹೀಗೇ. ಕಾಮಾಲೆಗೆ ಅಂತ ಬರೆ ಹಾಕಿಸಿಕೊಂಡ ಜಾಗದಲ್ಲಿ ಕೀಲಾಯ್ಡ್ ಎದ್ದವರನ್ನು ನಾನು ನೋಡಿದ್ದೇನೆ. ಕಾಮಾಲೆ ಹೋಗಿ ಎಷ್ಟೋ ವರ್ಷ ಆಗಿರುತ್ತದೆ, ಬರೆ ಮಾತ್ರ ಈಗಲೂ ಬೆಳೆಯುತ್ತಿರುತ್ತದೆ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮದುವೆ ಮುಂದಿನ ವರ್ಷ ಅಂದರೆ ಸಮಯ ಇದೆ, ಆದರೆ ಈ ತಿಂಗಳೇ ಶುರು ಮಾಡಿ. ಮದುವೆಗೆ ಎರಡು ತಿಂಗಳು ಇರುವಾಗ ಕುಯ್ಯಿಸಲು ಹೋಗಬೇಡಿ. ಆ ದಿನ ಆ ಕಿವಿಗೆ ಭಾರದ ಜುಮುಕಿ ಬೇಡ, ಹಳೇ ತೂತಿಗೆ ಹಗುರ ಓಲೆ ಸಾಕು. ಎರಡನೇ ತೂತಿಗೆ ಮತ್ತೆ ಏನೂ ಹಾಕಬಾರದು. ಮುಂದೆ ಬಸುರಿಯಾದಾಗ ಕೀಲಾಯ್ಡ್ ಕೆರಳಬಹುದು, ಆಗ ಒಮ್ಮೆ ತೋರಿಸಿ. ಯಾವ ಆಪರೇಷನ್ ಆದರೂ, ಸಿಸೇರಿಯನ್ ಆದರೂ, ನನಗೆ ಕೀಲಾಯ್ಡ್ ಬರುತ್ತದೆ ಅಂತ ಅವಳೇ ಮೊದಲು ಬಾಯಿಬಿಟ್ಟು ಹೇಳಬೇಕು. ಹಚ್ಚೆ, ಮೂಗಿಗೆ ಹೊಸ ತೂತು ಬೇಡ.

ಒಂದು ಎಚ್ಚರಿಕೆ. ಗಂಟು ಒಡೆದು ಹುಣ್ಣಾದರೆ, ರಕ್ತ ಬಂದರೆ, ಇದ್ದಕ್ಕಿದ್ದ ಹಾಗೆ ಬೇಗ ಬೆಳೆದರೆ, ಗಾಯವೇ ಆಗದ ಜಾಗದಲ್ಲಿ ಒಂದೇ ಗಟ್ಟಿ ಗಂಟು ಎದ್ದರೆ ಕಾಯಬೇಡಿ. ಕೀಲಾಯ್ಡ್ ಹಾಗೆ ಕಾಣುವ ಅಪರೂಪದ ಬೇರೆ ಗಡ್ಡೆಗಳಿವೆ, ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ. ಅದೇ ಕಾರಣಕ್ಕೆ ಕುಯ್ದು ತೆಗೆದ ಗಂಟನ್ನೂ ಪರೀಕ್ಷೆಗೆ ಕಳಿಸಿ ಅಂತ ಕೇಳಿಕೊಳ್ಳಿ.

ಹಾಸನದ ಹಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಅಥವಾ ನಿಮಗೆ ಹತ್ತಿರವಿರುವ ಚರ್ಮವೈದ್ಯರಲ್ಲಿ ತೋರಿಸಿ. ಮಗಳು ಹಾಸನದಲ್ಲೇ ಓದುತ್ತಿರುವುದರಿಂದ ತಿಂಗಳಿಗೊಮ್ಮೆ ಹೋಗುವುದು ಕಷ್ಟವಾಗಲಿಕ್ಕಿಲ್ಲ. ಹೋಗುವಾಗ ಹೋದ ಸಲ ಕುಯ್ಯಿಸಿದ ಆಸ್ಪತ್ರೆಯ ಚೀಟಿ, ಗಂಟು ಪರೀಕ್ಷೆ ಮಾಡಿಸಿದ್ದರೆ ಅದರ ರಿಪೋರ್ಟು ತೆಗೆದುಕೊಂಡು ಹೋಗಿ. ಈಗಲೇ ಕಿವಿಯ ಹಿಂಭಾಗದ ಒಂದು ಫೋಟೋ ತೆಗೆದಿಡಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಪ್ರತಿ ತಿಂಗಳೂ ಅದೇ ಥರ ತೆಗೆಯಿರಿ. ಗಂಟು ಇಳಿಯುವುದು ಬಹಳ ನಿಧಾನ. ಕನ್ನಡಿಯಲ್ಲಿ ದಿನಾ ನೋಡುವ ಹುಡುಗಿಗೆ ಏನೂ ಬದಲಾದ ಹಾಗೆ ಕಾಣುವುದಿಲ್ಲ, ಮೂರನೇ ತಿಂಗಳಿಗೆ ಬೇಜಾರಾಗಿ ಬಿಟ್ಟುಬಿಡುತ್ತಾಳೆ. ಆಗ ಆ ಫೋಟೋಗಳನ್ನು ಅವಳಿಗೆ ತೋರಿಸಿ.